ಬಳ್ಳಾರಿ ಲ್ಯಾಬ್‌ನ ಉಪಕರಣ ತರಬೇತಿ: ಎಎಎಸ್, ಫ್ಲೋರೈಡ್ ಕಲಿಯೋಕೆ ಸೇರಿ, ಎಚ್‌ಪಿಎಲ್‌ಸಿಗೆ ಬೇಡ

ಅದಿರು ಮತ್ತು ನೀರು ಪರೀಕ್ಷೆ ಮಾಡುವ ಈ ಲ್ಯಾಬ್‌ನವರು ಕೆಮಿಸ್ಟ್ರಿ ಓದಿದವರಿಗೆ ಉಪಕರಣಗಳ ತರಬೇತಿ ಕೊಡುತ್ತಾರೆ. ನಾನು ಕೊಪ್ಪಳದ ಕಡೆಯವಳು, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬೇಸಿಗೆ ರಜೆಯಲ್ಲಿ ಸೇರಿದ್ದೆ. ಶುಲ್ಕ ನನ್ನಂಥವರಿಗೆ ಜಾಸ್ತಿನೇ. ಆದರೂ ಕೊಟ್ಟದ್ದಕ್ಕೆ ಬೇಸರವಿಲ್ಲ, ಒಂದು ವಿಷಯ ಬಿಟ್ಟು.

ನಾವು ಎಂ.ಎಸ್ಸಿ. ಓದುವಾಗ ಎಎಎಸ್ (ಪರಮಾಣುಗಳು ಎಷ್ಟು ಬೆಳಕು ಹೀರುತ್ತವೆ ಅಂತ ನೋಡಿ ಲೋಹದ ಪ್ರಮಾಣ ಅಳೆಯುವ ಯಂತ್ರ) ಅಂದರೆ ಪರೀಕ್ಷೆಗೆ ಬಿಡಿಸುವ ಚಿತ್ರ. ಲ್ಯಾಂಪ್, ಜ್ವಾಲೆ, ಮೊನೊಕ್ರೋಮೇಟರ್, ಡಿಟೆಕ್ಟರ್ ಅಂತ ಡಬ್ಬಿ ಬರೆದು ಬಾಣ ಹಾಕಿದರೆ ಅಂಕ ಬರುತ್ತಿತ್ತು. 1955ರಲ್ಲಿ ಆಸ್ಟ್ರೇಲಿಯಾದ ಅಲನ್ ವಾಲ್ಶ್ ಈ ವಿಧಾನ ಪ್ರಕಟಿಸಿದರು ಅನ್ನೋದು ಬಾಯಿಪಾಠ. ಇಲ್ಲಿ ಕಬ್ಬಿಣದ ಲ್ಯಾಂಪನ್ನು ನಾವೇ ಕೂರಿಸಿ, 248.3 ನ್ಯಾನೋಮೀಟರ್‌ಗೆ ಹೊಂದಿಸಿ, ಬರ್ನರ್ ಎತ್ತರ ಸರಿಮಾಡಿದೆವು. ಗಾಳಿ-ಅಸಿಟಿಲೀನ್ ಜ್ವಾಲೆ ಸುಮಾರು 2300 ಡಿಗ್ರಿ ಸೆಲ್ಸಿಯಸ್. ಹೊತ್ತಿಸುವ ಮುಂಚೆ ಎಕ್ಸಾಸ್ಟ್, ಡ್ರೈನ್ ಟ್ರ್ಯಾಪಿನ ನೀರು, ಸಿಲಿಂಡರ್ ಒತ್ತಡ ಎಲ್ಲ ನೋಡಲೇಬೇಕು. ಕಲಿಸುವವರು ಎಲ್ಲಿಯೂ ಅವಸರ ಮಾಡಲಿಲ್ಲ.

ಕಲಿಸುವ ಸರ್ ಗಣಿ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ಯಂತ್ರವನ್ನು ಹೊಗಳುವುದಿಲ್ಲ. ಅದು ನನಗೆ ತುಂಬಾ ಹಿಡಿಸಿತು. ಸಂಡೂರು ಕಡೆಯ ಒಳ್ಳೆ ಅದಿರಿನಲ್ಲಿ ಕಬ್ಬಿಣ ಶೇ. 60 ದಾಟುತ್ತದೆ. ಅದನ್ನು ಎಎಎಸ್‌ಗೆ ಕೊಡಬೇಕಾದರೆ ವಿಪರೀತ ಡೈಲ್ಯೂಟ್ ಮಾಡಬೇಕು. ಆಗ ಪಿಪೆಟ್ಟಿನ ಸಣ್ಣ ತಪ್ಪೂ ಗುಣಿಸಿಕೊಂಡು ಬರುತ್ತದೆ. ಅದಕ್ಕೇ ಅಲ್ಲಿ ಇವತ್ತಿಗೂ ಡೈಕ್ರೋಮೇಟ್ ಟೈಟ್ರೇಷನ್ನೇ (ದ್ರಾವಣ ಹನಿಹನಿ ಬಿಟ್ಟು ಅಳೆಯುವ ಹಳೆ ವಿಧಾನ) ವಾಸಿ ಅಂತ ಬ್ಯೂರೆಟ್ ಕೈಗೆ ಕೊಟ್ಟರು. ಎಎಎಸ್ ಇರುವುದು ಅಲ್ಪ ಪ್ರಮಾಣದ ಲೋಹಗಳಿಗೆ. ಈ ವ್ಯತ್ಯಾಸವನ್ನು ನನಗೆ ಮೊದಲು ಯಾರೂ ಹೇಳಿರಲಿಲ್ಲ.

ಇಡೀ ತರಬೇತಿಯ ಜೀವ ಇರುವುದು ನೀರಿನ ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡಿನ ಭಾಗದಲ್ಲಿ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಬೋರ್‌ವೆಲ್ ನೀರಿನ ಫ್ಲೋರೈಡ್ ಕಥೆ ನಿಮಗೆ ಗೊತ್ತೇ ಇದೆ. ಹಲ್ಲು ಹಳದಿಯಾದ ಮಕ್ಕಳನ್ನು ನಾನು ದಿನಾ ಕ್ಲಾಸಿನಲ್ಲಿ ನೋಡುತ್ತೇನೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಈ ಸಣ್ಣ ಅಂತರದಲ್ಲಿ ತಪ್ಪು ಅಳೆದರೆ ಒಂದು ಊರಿನ ನೀರನ್ನೇ ಸುಮ್ನೆ ಒಳ್ಳೆಯದು ಅಂದುಬಿಡುತ್ತೇವೆ.

ಎಲೆಕ್ಟ್ರೋಡಿನ ತುದಿಯಲ್ಲಿ ಲ್ಯಾಂಥನಮ್ ಫ್ಲೋರೈಡ್ ಹರಳು ಇರುತ್ತದೆ. ಸಾಂದ್ರತೆ ಹತ್ತು ಪಟ್ಟು ಬದಲಾದರೆ 25 ಡಿಗ್ರಿಯಲ್ಲಿ ಸುಮಾರು 59 ಮಿಲಿವೋಲ್ಟ್ ವ್ಯತ್ಯಾಸ ಬರಬೇಕು. ಪುಸ್ತಕದಲ್ಲಿ ಇಷ್ಟೇ. ಆದರೆ ಬಳ್ಳಾರಿ ಬೇಸಿಗೆಯಲ್ಲಿ ಕರೆಂಟ್ ಹೋಗಿ ಎಸಿ ನಿಂತರೆ? 40 ಡಿಗ್ರಿಯಲ್ಲಿ ಅದೇ 62 ಆಗುತ್ತದೆ. ಬೆಳಿಗ್ಗೆ ತಂಪಿನಲ್ಲಿ ಗೊತ್ತಿರುವ ದ್ರಾವಣಗಳನ್ನು ಅಳೆದು ಎಳೆದ ಗೆರೆ ಮಧ್ಯಾಹ್ನದ ಸ್ಯಾಂಪಲ್‌ಗೆ ನಡೆಯುವುದಿಲ್ಲ. ಸರ್ ಎಸಿ ಆರಿಸಿಯೇ ಇದನ್ನು ಮಾಡಿಸಿದರು. ನೀರಿನಲ್ಲಿ ಅಲ್ಯೂಮಿನಿಯಂ, ಕಬ್ಬಿಣ ಇದ್ದರೆ ಅವು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತವೆ. ಎಲೆಕ್ಟ್ರೋಡಿಗೆ ಕಾಣುವುದು ಬಿಡಿಯಾಗಿರುವ ಅಯಾನು ಮಾತ್ರ. ಅದನ್ನು ಬಿಡಿಸೋಕೆ, ಪಿಎಚ್ 5ರ ಆಸುಪಾಸಿನಲ್ಲಿ ನಿಲ್ಲಿಸೋಕೆ ಟಿಸಾಬ್ ಅನ್ನೋ ಬಫರ್ ದ್ರಾವಣ ಹಾಕಬೇಕು. ಹಾಕಿಯೂ, ಹಾಕದೆಯೂ ಅಳೆಸಿದರು. ಎರಡು ಉತ್ತರ ಪಕ್ಕಪಕ್ಕ ಬರೆದಾಗ ಬೇರೆ ವಿವರಣೆ ಬೇಕಾಗಲಿಲ್ಲ.

ನಮ್ಮ ಓಣಿಯ ಬೋರ್ ನೀರನ್ನು ನಾನು ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ದಿದ್ದೆ. 1.5 ದಾಟಿತ್ತು. ನೋಟ್‌ಬುಕ್ಕಿನಲ್ಲಿ ಬರೆಯಲು ಹೋದರೆ ಸರ್ ತಡೆದು ಕೇಳಿದರು: "ಮೇಡಂ, ಈ ನಂಬರಿಗೆ ನೀವು ಸಹಿ ಹಾಕ್ತೀರೇನ್ರಿ?" ಅದೇ ನೀರಿಗೆ ಗೊತ್ತಿರುವಷ್ಟು ಫ್ಲೋರೈಡ್ ಸೇರಿಸಿ, ಸೇರಿಸಿದಷ್ಟೂ ಅಳತೆಯಲ್ಲಿ ವಾಪಸ್ ಬರುತ್ತಾ ಅಂತ ನೋಡಿಸಿದರು. ಬಂತು. ಆಮೇಲೆ ಬರೆಯಲು ಬಿಟ್ಟರು. ಇಂಥ ಹಟ ಇರುವ ಮೇಷ್ಟ್ರು ಸಿಗುವುದು ಕಷ್ಟ ಕಣ್ರೀ.

ಈಗ ಆ ಬಿಟ್ಟ ವಿಷಯ. ತರಬೇತಿಯ ಪಟ್ಟಿಯಲ್ಲಿ ಎಚ್‌ಪಿಎಲ್‌ಸಿ (ಮಿಶ್ರಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇದೆ, ಅದಕ್ಕೂ ಸೇರಿಸಿಯೇ ಶುಲ್ಕ ತಗೋತಾರೆ. ನಾವಿದ್ದಾಗ ಅದರ ಪಂಪ್ ಕೆಟ್ಟಿತ್ತು. ಸ್ಲೈಡ್ ತೋರಿಸಿ ಮುಗಿಸಿದರು. ಔಷಧ ಕಂಪನಿ ಕೆಲಸಕ್ಕೆ ಅಂತಲೇ ಬಂದಿದ್ದ ಹುಡುಗರಿಗೆ ಇದು ಅನ್ಯಾಯ. ಅವರಿಗೆ ಬೇಕಾಗಿದ್ದೇ ಕಾಲಮ್ ಜೋಡಿಸಿ, ಪೀಕ್ ಬೇರೆ ಆಗುವುದನ್ನು ಕಣ್ಣಾರೆ ನೋಡುವುದು. ಆಫೀಸಿನಲ್ಲಿ ಕೇಳಿದರೆ ಮುಂದಿನ ಬ್ಯಾಚಿಗೆ ಬನ್ನಿ ಅಂದರು. ಹಣ ಕಟ್ಟುವ ಮುಂಚೆ ಹೇಳಬೇಕಿತ್ತು, ಅಲ್ವಾ? ಇನ್ನೊಂದು, ಪಾಠ ಕನ್ನಡದಲ್ಲಿ ನಡೆದರೂ ಕೊಡುವ ಹಾಳೆ ಪೂರ್ತಿ ಇಂಗ್ಲಿಷ್. ಡಿಪ್ಲೊಮಾ ಮಾಡಿದವರು ಅದರಲ್ಲಿ ಒದ್ದಾಡಿದರು.

ಊಟ, ಉಳಿಯುವ ವ್ಯವಸ್ಥೆ ಇಲ್ಲ. ಕೊಪ್ಪಳ, ಹೊಸಪೇಟೆ ಕಡೆಯವರಿಗೆ ರೈಲು ಅನುಕೂಲ. ಸಂಜೆ ಪ್ರಾಕ್ಟಿಕಲ್ ತಡವಾಗುತ್ತದೆ ಅಂತ ಮೊದಲೇ ಹೇಳಿದರೆ ಹೆಣ್ಣುಮಕ್ಕಳನ್ನು ಬೇಗ ಬಿಡುತ್ತಾರೆ, ಉಳಿದದ್ದನ್ನು ಮರುದಿನ ಮಾಡಿಸುತ್ತಾರೆ. ಸೇರುವವರು ನಿಮ್ಮೂರಿನ ನೀರು ತನ್ನಿ, ಗಾಜಿನ ಬಾಟಲಿ ಬೇಡ. ಎಚ್‌ಪಿಎಲ್‌ಸಿ ಬೇಕಾದವರು ಪಂಪ್ ಓಡುವುದನ್ನು ನೋಡಿದ ಮೇಲೆ ರಸೀದಿ ಹರಿಸಿ.