ಕೇಪ್ ಕಾಡ್‌ನ ನಮ್ಮ ಅಸೋಸಿಯೇಷನ್ ಬೀಚ್: ಒಂಬತ್ತು ಬೇಸಿಗೆ ಆದ್ಮೇಲೆ ಬರೀತಿರೋದು (5ಕ್ಕೆ 4)

ಮ್ಯಾಸಚೂಸೆಟ್ಸ್‌ನಲ್ಲಿ ಕೇಪ್ ಕಾಡ್ ಬೇ (ಕೊಲ್ಲಿ) ಕಡೆ 2016ರ ನವೆಂಬರ್‌ನಲ್ಲಿ ಮನೆ ತಗೊಂಡ್ವಿ. ಮೊದಲು ವೀಕೆಂಡ್‌ಗೆ ಅಂತ ಇದ್ದಿದ್ದು, 2020ರಲ್ಲಿ ವರ್ಕ್ ಫ್ರಮ್ ಹೋಮ್ ಶುರುವಾದ್ಮೇಲೆ ಬಾಸ್ಟನ್‌ನ ಬಾಡಿಗೆ ಮನೆ ಬಿಟ್ಟು ಪೂರ್ತಿ ಇಲ್ಲೇ ಬಂದ್ಬಿಟ್ವಿ. ಲಿಸ್ಟಿಂಗ್‌ನಲ್ಲಿ "ಡೀಡೆಡ್ ಬೀಚ್ ರೈಟ್ಸ್" ಅಂತ (ಬೀಚ್ ಬಳಸೋ ಹಕ್ಕು ಮನೆ ಪತ್ರದಲ್ಲೇ ಬರೆದಿರತ್ತೆ ಅಂತ ಅರ್ಥ) ಒಂದು ಸಾಲು ಇತ್ತು, ಅದನ್ನ ಓದಿದ ತಕ್ಷಣ ನನ್ನ ಹೆಂಡ್ತಿ ಇದೇ ಮನೆ ಅಂತ ತೀರ್ಮಾನ ಮಾಡಿದ್ಲು, ಅಡುಗೆಮನೆ ಎಲ್ಲಾ ಆಮೇಲೆ ನೋಡಿದ್ದು. ನಮ್ಮ ಅಸೋಸಿಯೇಷನ್, ಅಂದ್ರೆ ಮನೆ ಮಾಲೀಕರ ಸಂಘದಲ್ಲಿ ಒಟ್ಟು 64 ಮನೆ, ಎಲ್ಲರಿಗೂ ಸೇರಿ ಸುಮಾರು 300 ಅಡಿ ಅಗಲದ ಒಂದು ಬೀಚು, ಮೇಲೆ ಚಿಕ್ಕ ಪಾರ್ಕಿಂಗು, ಕೆಳಗಿಳಿಯೋಕೆ ಮರದ ಮೆಟ್ಟಿಲು, ಇಷ್ಟೇ. ಇತ್ತೀಚೆಗೆ ಪರಿಚಯದ ಕನ್ನಡದವರು ಇಬ್ಬರು ಮೂವರು ಈ ಥರ ಅಸೋಸಿಯೇಷನ್ ಬೀಚ್ ಇರೋ ಕಡೆ ಮನೆ ತಗೋಬಹುದಾ ಅಂತ ಕೇಳಿದ್ರು, ಫೋನಲ್ಲಿ ಅರ್ಧಂಬರ್ಧ ಹೇಳೋ ಬದಲು ಪೂರ್ತಿ ಬರೆದುಬಿಡೋಣ ಅಂತ.

ಮೊದಲು ಬೀಚ್ ಹೇಗಿದೆ ಅಂತ ಹೇಳ್ತೀನಿ. ಬೇ ಕಡೆ ಆಗಿರೋದ್ರಿಂದ ದೊಡ್ಡ ಅಲೆ ಇಲ್ಲ, ಆದ್ರೆ ಉಬ್ಬರ ಇಳಿತದ ವ್ಯತ್ಯಾಸ 9-10 ಅಡಿ, ನೆಲ ತುಂಬಾ ಚಪ್ಪಟೆ, ಹಾಗಾಗಿ ಇಳಿತ ಆದಾಗ ನೀರು ಕಣ್ಣಿಗೆ ಕಾಣದಷ್ಟು ದೂರ ಹೋಗ್ಬಿಡತ್ತೆ. ಮರಳಿನ ಮೇಲೆ ಅಲ್ಲಲ್ಲಿ ಗುಂಡಿಯಲ್ಲಿ ನಿಂತ ನೀರು ಬಿಸಿಲಿಗೆ ಬೆಚ್ಚಗಾಗಿರತ್ತೆ, ನನ್ನ ಮಗಳು ನಡೆಯೋದು ಕಲಿತಿದ್ದೇ ಆ ಗುಂಡಿಗಳಲ್ಲಿ. ಮೇ-ಜೂನ್‌ನ ಹುಣ್ಣಿಮೆ ಅಮಾವಾಸ್ಯೆ ಉಬ್ಬರಕ್ಕೆ ಹಾರ್ಸ್‌ಶೂ ಏಡಿಗಳು ಮೊಟ್ಟೆ ಇಡೋಕೆ ದಡಕ್ಕೆ ಬರ್ತವೆ, ರಾತ್ರಿ ಟಾರ್ಚ್ ಹಿಡ್ಕೊಂಡು ಹೋದ್ರೆ ಕಾಣ್ತವೆ. ಜುಲೈನಲ್ಲಿ ಗ್ರೀನ್‌ಹೆಡ್ ನೊಣ ಕಚ್ಚತ್ತೆ, ಗಾಳಿ ಜೌಗು ಕಡೆಯಿಂದ ಬೀಸಿದ ದಿನ ಕೂರೋಕಾಗಲ್ಲ, ಅದಕ್ಕೆ ಯಾವ ಅಸೋಸಿಯೇಷನ್ನೂ ಏನೂ ಮಾಡೋಕಾಗಲ್ಲ. ಇಷ್ಟು ಬಿಟ್ರೆ ಜಾಗದ ಬಗ್ಗೆ ನನಗೆ ಒಂದು ದೂರೂ ಇಲ್ಲ.

ಈಗ "ಪ್ರೈವೇಟ್" ಅನ್ನೋ ಪದದ ವಿಷಯ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಉಬ್ಬರದ ಗೆರೆಯಿಂದ ಕೆಳಗಿನ ಒದ್ದೆ ಮರಳು ಸಾರ್ವಜನಿಕರದ್ದು, ಅಲ್ಲಿ ಯಾರು ಬೇಕಾದ್ರೂ ನಡೀಬಹುದು. ಮ್ಯಾಸಚೂಸೆಟ್ಸ್, ಮೇನ್ ರಾಜ್ಯಗಳಲ್ಲಿ ಹಾಗಲ್ಲ. 1640ರ ದಶಕದಲ್ಲಿ, ಇದಿನ್ನೂ ಇಂಗ್ಲಿಷರ ಕಾಲೊನಿ ಆಗಿದ್ದಾಗ, ಜನ ತಮ್ಮ ದುಡ್ಡಲ್ಲೇ ಹಡಗುಕಟ್ಟೆ ಕಟ್ಕೊಳ್ಳಲಿ ಅಂತ ದಡದ ಮಾಲೀಕರಿಗೆ ಇಳಿತದ ಗೆರೆವರೆಗೂ ಜಾಗ ಕೊಟ್ರು, ಹೆಚ್ಚೆಂದ್ರೆ 1,650 ಅಡಿ. ಸಾರ್ವಜನಿಕರಿಗೆ ಉಳಿಸಿದ್ದು ಮೂರೇ ಹಕ್ಕು: ಮೀನು ಹಿಡಿಯೋದು, ಹಕ್ಕಿ ಬೇಟೆ, ದೋಣಿ ಓಡಾಟ. ಸುಮ್ನೆ ವಾಕಿಂಗ್ ಹೋಗೋದು ಆ ಮೂರರಲ್ಲಿ ಬರಲ್ಲ. 1974ರಲ್ಲಿ ಜನರಿಗೆ ಒದ್ದೆ ಮರಳಲ್ಲಿ ನಡೆಯೋ ಹಕ್ಕು ಕೊಡೋ ಮಸೂದೆ ಬಂದಾಗ ರಾಜ್ಯದ ಸುಪ್ರೀಂ ಜುಡಿಷಿಯಲ್ ಕೋರ್ಟಿನ ಜಡ್ಜ್‌ಗಳು, ಪರಿಹಾರ ಕೊಡದೆ ಹಾಗೆ ಮಾಡಿದ್ರೆ ಮಾಲೀಕರ ಆಸ್ತಿ ಕಿತ್ಕೊಂಡ ಹಾಗಾಗತ್ತೆ ಅಂತ ಅಭಿಪ್ರಾಯ ಕೊಟ್ರು.

ಮನೆ ತಗೊಳ್ಳೋವಾಗ ಇದೆಲ್ಲಾ ನಮ್ಮ ಲಾಭಕ್ಕೇ ಇದೆ ಅನ್ಸಿತ್ತು. 2019ರ ಜುಲೈನಲ್ಲಿ ಊರಿಂದ ಅಪ್ಪ ಅಮ್ಮ ಬಂದಾಗ ಅದರ ಇನ್ನೊಂದು ಮುಖ ಗೊತ್ತಾಯ್ತು. ನಮ್ಮದು ಕುಮಟಾ ಹತ್ರ, ಅಘನಾಶಿನಿ ಅಳಿವೆ ಕಡೆ, ಅಪ್ಪನಿಗೆ ಇಳಿತ ಅಂದ್ರೆ ನಡ್ಕೊಂಡು ಹೋಗೋ ಹೊತ್ತು ಅಂತಲೇ ಲೆಕ್ಕ. ಬೆಳಿಗ್ಗೆ ಪಂಚೆ ಮೇಲೆತ್ತಿ ಕಟ್ಕೊಂಡು ಮರಳಲ್ಲಿ ಪಶ್ಚಿಮದ ಕಡೆ ಹೋದ್ರು, ನಮ್ಮ ಗಡಿ ಕಂಬ ದಾಟಿದ್ದು ಅವರಿಗೆ ಗೊತ್ತೂ ಆಗಿಲ್ಲ, ಮುಂದಿನ ಬೀಚಲ್ಲಿ ಕುರ್ಚಿ ಹಾಕ್ಕೊಂಡಿದ್ದವರು ಒಬ್ರು ಎದ್ದು ಬಂದು ಟ್ಯಾಗ್ (ಆ ಬೀಚಿನ ಸದಸ್ಯರು ಅಂತ ತೋರಿಸೋ ಬಿಲ್ಲೆ) ಎಲ್ಲಿ ಅಂತ ಕೇಳಿದಾರೆ. ಅಪ್ಪನಿಗೆ ಅರ್ಥ ಆಗಿದ್ದು "ಪ್ರೈವೇಟ್" ಅನ್ನೋದೊಂದೇ. ವಾಪಸ್ ಬಂದು ನಮ್ಮ ಮೆಟ್ಟಿಲ ಕೊನೇ ಹಲಗೆ ಮೇಲೆ ಕೂತ್ಕೊಂಡು ಕಾಲಿನ ಮರಳು ಒರೆಸ್ತಾ ಕೇಳಿದ್ರು, "ಇಲ್ಲಿ ಸಮುದ್ರಕ್ಕೂ ಪಹಣಿ ಉಂಟೇನೋ?" ನಾನು 1640ರ ಕಥೆ ಎಲ್ಲಾ ಹೇಳ್ದೆ, ಅವರು ಪೂರ್ತಿ ಕೇಳಿಸ್ಕೊಂಡ್ರು, ಏನೂ ಮಾತಾಡ್ಲಿಲ್ಲ. ನಮ್ಮ ಊರಲ್ಲಿ ಇಳಿತಕ್ಕೆ ಹೆಂಗಸರು ಬುಟ್ಟಿ ಹಿಡ್ಕೊಂಡು ಹೋಗಿ ಬಳಚು (ಚಿಪ್ಪು) ಆರಿಸ್ತಾರೆ, ಯಾರನ್ನೂ ಯಾರೂ ಕೇಳಲ್ಲ. ಅಲ್ಲಿಂದ ಬಂದ ಮನುಷ್ಯನಿಗೆ ಇದನ್ನ ಹೇಳೋವಾಗ ನನಗೇ ಗಂಟಲು ಕಟ್ಟಿತ್ತು.

ಮಾರನೇ ದಿನ ನಮ್ಮ ಅಸೋಸಿಯೇಷನ್ ಸೆಕ್ರೆಟರಿ, ಎಪ್ಪತ್ತು ದಾಟಿದ ಅಜ್ಜಿ, ವಿಷಯ ಕೇಳಿ ಒಂದು ಫಿಶಿಂಗ್ ರಾಡ್ ತಂದ್ಕೊಟ್ರು. ಕೈಯಲ್ಲಿ ಗಾಳ ಇದ್ದು ನಿಜವಾಗ್ಲೂ ಮೀನು ಹಿಡಿಯೋಕೆ ಹೋಗ್ತಿದ್ರೆ ಯಾರೂ ತಡೆಯೋ ಹಾಗಿಲ್ಲ, ಆ ಹಳೇ ಕಾನೂನಲ್ಲೇ ಇದೆ, ಉಪ್ಪುನೀರಿನ ಪರ್ಮಿಟ್ ಒಂದು ಮಾಡಿಸ್ಕೊಳ್ಳಿ, 60 ದಾಟಿದವರಿಗೆ ಅದಕ್ಕೆ ಫೀಸ್ ಇಲ್ಲ ಅಂದ್ರು. ಅಪ್ಪ ದಿನಾ ಸಂಜೆ ಗಾಳ ಹಿಡ್ಕೊಂಡು ನಿಂತ್ರು, ನಮ್ಮ 300 ಅಡಿಯೊಳಗೇ. ಆ ಕಡೆ ಮತ್ತೆ ಹೋಗ್ಲಿಲ್ಲ.

ಆ ವರ್ಷ ಮೀಟಿಂಗಲ್ಲಿ ನಾನು ಎದ್ದು ನಿಂತು ಕೇಳಿದ್ದು ಒಂದೇ: ನಮ್ಮ ಬೀಚಲ್ಲಿ ಒದ್ದೆ ಮರಳ ಮೇಲೆ ನಡ್ಕೊಂಡು ಹೋಗೋ ಯಾರನ್ನೂ ನಾವು ತಡೀಬಾರ್ದು, ಕೂತು ಕೊಡೆ ಹಾಕಿದ್ರೆ ಮಾತ್ರ ಟ್ಯಾಗ್ ಕೇಳೋಣ. ಒಂದು ಗಂಟೆ ಜಗಳ ಆಯ್ತು, ಏನಾದ್ರೂ ಆದ್ರೆ ಇನ್ಶೂರೆನ್ಸ್ ಯಾರು ನೋಡ್ಕೊಳ್ತಾರೆ ಅಂತ ಕೆಲವರು, ಇವತ್ತು ನಡೆದವರು ನಾಳೆ ಕೂರ್ತಾರೆ ಅಂತ ಕೆಲವರು. ಕೊನೆಗೆ 27-19ರಲ್ಲಿ ಪಾಸ್ ಆಯ್ತು. ಆರು ವರ್ಷ ಆಯ್ತು, ಒಂದೇ ಒಂದು ತೊಂದರೆ ಆಗಿಲ್ಲ.

ಟ್ಯಾಗ್ ವಿಷಯದಲ್ಲಿ ನಿಜವಾದ ತಲೆನೋವು ಪಕ್ಕದ ಬೀಚಿನವರದ್ದಲ್ಲ, ನಮ್ಮದೇ ಬಾಡಿಗೆ ಮನೆಗಳದ್ದು. ಇಲ್ಲಿ ಬೇಸಿಗೆಯಲ್ಲಿ ಶನಿವಾರದಿಂದ ಶನಿವಾರಕ್ಕೆ ಮನೆ ಬಾಡಿಗೆಗೆ ಹೋಗತ್ತೆ, ಮೂರು ಬೆಡ್‌ರೂಮ್ ಮನೆಗೆ ಹದಿನಾಲ್ಕು ಜನ ಬಂದು ನಾಲ್ಕು ಕಾರ್ ತಂದು ಪಾರ್ಕಿಂಗ್ ತುಂಬಿಸಿದ್ರೆ ವರ್ಷವಿಡೀ ಇರೋವ್ರು ಎಲ್ಲಿ ನಿಲ್ಲಿಸ್ಬೇಕು? 2019ರ ಜುಲೈ 1ರಿಂದ ರಾಜ್ಯದಲ್ಲಿ ಶಾರ್ಟ್ ಟರ್ಮ್ ಬಾಡಿಗೆ ಕೊಡೋವ್ರು ರಿಜಿಸ್ಟರ್ ಆಗ್ಬೇಕು, 10 ಲಕ್ಷ ಡಾಲರ್ ಲಯಬಿಲಿಟಿ ಇನ್ಶೂರೆನ್ಸ್ ಇರ್ಬೇಕು ಅಂತ ಕಾನೂನು ಬಂತು, ಅದಾದ್ಮೇಲೆ ನಾವೂ ಮನೆಗೆ ಎರಡು ಕಾರ್ ಸ್ಟಿಕ್ಕರ್, ಆರು ಟ್ಯಾಗ್ ಅಂತ ಕಟ್ಟುನಿಟ್ಟು ಮಾಡಿದ್ವಿ. ಈಗ ಪರವಾಗಿಲ್ಲ.

ಮುಖ್ಯ ವಿಷಯ ಮೆಟ್ಟಿಲು. ಬೀಚ್ ಅಸೋಸಿಯೇಷನ್ ಅಂದ್ರೆ ಮರಳು ನೋಡ್ಕೊಳ್ಳೋದು ಅಂತ ನಾನು ಅಂದ್ಕೊಂಡಿದ್ದೆ, ಮರಳನ್ನ ಸಮುದ್ರ ತರತ್ತೆ ಒಯ್ಯತ್ತೆ, ನಾವು ನೋಡ್ಕೊಳ್ಳೋದು ಮೆಟ್ಟಿಲನ್ನ. ನಮ್ಮದರಲ್ಲಿ ಮೇಲಿನ ಭಾಗ ಮರದ್ದು, ಕೊನೆಯ 11 ಮೆಟ್ಟಿಲು ಅಲ್ಯೂಮಿನಿಯಂನದು, ಬೋಲ್ಟ್ ಬಿಚ್ಚಿ ಚಳಿಗಾಲಕ್ಕೆ ಮುಂಚೆ ಮೇಲೆ ಎತ್ತಿಡ್ಬೇಕು, ಇಲ್ಲಾಂದ್ರೆ ಬಿರುಗಾಳಿಗೆ ಹೋಗತ್ತೆ. ನಾವು ಬಂದ ಮೊದಮೊದಲು ಆಗ ಕಾಂಟ್ರಾಕ್ಟ್ ಕೊಟ್ಟಿದ್ದವರು 2017ರ ಕೊನೇಲಿ ಇವತ್ತು ನಾಳೆ ಅಂತ ತಳ್ಳಿದ್ರು, 2018ರ ಜನವರಿ 4ಕ್ಕೆ ಆ ದೊಡ್ಡ ಬಿರುಗಾಳಿ ಬಂತು, ಅವತ್ತು ಬಾಸ್ಟನ್‌ನಲ್ಲಿ ನೀರು 15.16 ಅಡಿ ಮಟ್ಟಕ್ಕೆ ಏರಿ 1978ರ ದಾಖಲೆ ಮುರೀತು. ನಮ್ಮ ಕೆಳಗಿನ ಮೆಟ್ಟಿಲು ಪೂರ್ತಿ ಹೋಯ್ತು. ಮಾರ್ಚ್‌ನಲ್ಲಿ ಒಂದರ ಹಿಂದೆ ಒಂದು ನಾರ್‌ಈಸ್ಟರ್ (ಈಶಾನ್ಯದ ಬಿರುಗಾಳಿ) ಬಂದು ದಿಬ್ಬದ ಬುಡವನ್ನೂ ಕೊಚ್ಕೊಂಡು ಹೋದ್ವು, ಮೇಲಿನ ಮರದ ಕಂಬ ಎರಡು ಗಾಳಿಯಲ್ಲಿ ನೇತಾಡ್ತಿದ್ವು.

ಸರಿ, ಹೊಸದು ಕಟ್ಟಿಸೋಣ ಅಂದ್ರೆ ಹಾಗೆ ಕಟ್ಟೋ ಹಾಗಿಲ್ಲ. ದಿಬ್ಬ, ಮರಳುಗುಡ್ಡ ಎಲ್ಲಾ ವೆಟ್‌ಲ್ಯಾಂಡ್ಸ್ ಪ್ರೊಟೆಕ್ಷನ್ ಆಕ್ಟ್ ಕೆಳಗೆ ಬರತ್ತೆ, ಊರಿನ ಕನ್ಸರ್ವೇಶನ್ ಕಮಿಷನ್‌ಗೆ ನಕ್ಷೆ ಸಮೇತ ಅರ್ಜಿ ಹಾಕಿ, ಪಬ್ಲಿಕ್ ಹಿಯರಿಂಗ್ ಆಗಿ, ಅವರು ಷರತ್ತು ಬರೆದು ಆರ್ಡರ್ ಕೊಟ್ಟ ಮೇಲೇ ಮೊಳೆ ಹೊಡೀಬಹುದು. ಆ ಬೇಸಿಗೆ ಜುಲೈ ಕೊನೆವರೆಗೂ ಮೆಟ್ಟಿಲಿಲ್ಲ. ಮನೆಗೆ 1,150 ಡಾಲರ್ ಸ್ಪೆಷಲ್ ಅಸೆಸ್‌ಮೆಂಟ್ (ವರ್ಷದ ಫೀಸ್ ಬಿಟ್ಟು ಹೆಚ್ಚುವರಿ ವಂತಿಗೆ) ಬಂತು, ಯಾಕಂದ್ರೆ ರಿಸರ್ವ್ ಫಂಡಲ್ಲಿ ಏನೂ ಇರ್ಲಿಲ್ಲ. ಮನೆ ತಗೊಳ್ಳೋವಾಗ ನಾವು ಅದನ್ನ ಕೇಳೇ ಇರ್ಲಿಲ್ಲ.

ಅದಾದ್ಮೇಲೆ ಆ ಅಲ್ಯೂಮಿನಿಯಂ ಮೆಟ್ಟಿಲಿನ ಏಣಿ ಎತ್ತೋದು ನಾವೇ ಮಾಡ್ತೀವಿ, ಅಕ್ಟೋಬರ್‌ನ ಒಂದು ಶನಿವಾರ, ಇಳಿತದ ಹೊತ್ತು ನೋಡ್ಕೊಂಡು. ಉಪ್ಪುಗಾಳಿಗೆ ಬೋಲ್ಟ್ ಕಚ್ಕೊಂಡಿರತ್ತೆ, ಹಿಂದಿನ ದಿನವೇ ಎಣ್ಣೆ ಹೊಡೆದು ಬಂದಿರ್ಬೇಕು, ಆದ್ರೂ ಒಂದು ಬೋಲ್ಟ್ ಯಾವಾಗ್ಲೂ ಹಟ ಮಾಡತ್ತೆ, ಒಬ್ಬ ಸ್ಪ್ಯಾನರ್ ಹಿಡಿದ್ರೆ ಇನ್ನೊಬ್ಬ ಪೈಪ್ ಸಿಕ್ಕಿಸಿ ತಿರುಗಿಸ್ಬೇಕು. ಆಮೇಲೆ ಎರಡು ಹಗ್ಗ ಕಟ್ಟಿ ನಾಲ್ಕು ಜನ ಮೇಲಿಂದ ಎಳೆಯೋದು, ನಾಲ್ಕು ಜನ ಕೆಳಗಿಂದ ಭುಜ ಕೊಡೋದು. ಎಂಟು ಜನ ಸಾಕು. 64 ಮನೆಯಲ್ಲಿ ಪ್ರತಿ ವರ್ಷ ಬರೋದೂ ಅದೇ ಎಂಟು ಜನ, ಅವರಲ್ಲಿ ಮೂವರಿಗೆ ಮಂಡಿನೋವು.

ಇದನ್ನ ಅಪ್ಪನಿಗೆ ಫೋನಲ್ಲಿ ಹೇಳಿದಾಗ ಗಜನಿ ನೆನಪು ಮಾಡಿದ್ರು. ನಮ್ಮ ಅಘನಾಶಿನಿ ಕಡೆ ಹೊಳೆ ಉಬ್ಬರದ ಉಪ್ಪುನೀರು ಬರೋ ಗದ್ದೆಗೆ ಗಜನಿ ಅಂತಾರೆ, ಕಗ್ಗ ಭತ್ತ ಬೆಳೆಯೋದು ಅಲ್ಲೇ, ಉಪ್ಪು ತಡ್ಕೊಳ್ಳತ್ತೆ ಅಂತ. ಸರ್ಕಾರದ ದೊಡ್ಡ ಒಡ್ಡು ಬರೋ ಮುಂಚೆ ಮಣ್ಣಿನ ಕಟ್ಟೆಯನ್ನ ಊರವರೇ ಸೇರಿ ಕಟ್ಟಿ ಕಾಯ್ತಿದ್ರು. ಮನೆಗೊಬ್ಬ ಆಳು ಬರಲೇಬೇಕಿತ್ತು, ದುಡ್ಡು ಕೊಟ್ಟು ತಪ್ಪಿಸ್ಕೊಳ್ಳೋ ಹಾಗಿರ್ಲಿಲ್ಲ ಅಂತ ಅಪ್ಪ ಹೇಳ್ತಾರೆ, ಯಾಕಂದ್ರೆ ಒಬ್ಬನ ಗದ್ದೆ ಹತ್ರ ಕಟ್ಟೆ ಒಡೆದ್ರೂ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗತ್ತೆ. ನಾನು ಅದನ್ನೇ ಇಲ್ಲಿ ಮೀಟಿಂಗಲ್ಲಿ ಹೇಳಿದೆ, ಮನೆಗೊಬ್ಬರು ವರ್ಷಕ್ಕೆ ಅರ್ಧ ದಿನ ಬನ್ನಿ, ಏಣಿ ಆಗದಿದ್ರೆ ಮಾರ್ಚ್-ಏಪ್ರಿಲ್‌ನಲ್ಲಿ ದಿಬ್ಬಕ್ಕೆ ಬೀಚ್‌ಗ್ರಾಸ್ ನೆಡೋಕೆ ಬನ್ನಿ ಅಂತ. ಆ ಹುಲ್ಲಿನ ಬೇರೇ ಮರಳನ್ನ ಹಿಡಿದಿಡೋದು, ಸಸಿ ನೆಡೋದು ಮಕ್ಕಳಿಗೂ ಬರತ್ತೆ. ಕಡ್ಡಾಯ ಮಾಡೋಕೆ ಯಾರೂ ಒಪ್ಲಿಲ್ಲ. ಆದ್ರೆ ಹುಲ್ಲು ನೆಡೋಕೆ ಕಳೆದ ಮಾರ್ಚ್‌ನಲ್ಲಿ 22 ಜನ ಬಂದಿದ್ರು, ಅದು ನನಗೆ ತುಂಬಾ ಸಂತೋಷ ಕೊಟ್ಟ ದಿನ.

ನೀರಿನ ಟೆಸ್ಟ್ ಬಗ್ಗೆ ಚೆನ್ನಾಗೇ ಹೇಳ್ಬೇಕು. ನಾವು ಪ್ರೈವೇಟ್ ಅಂತ ಎಷ್ಟೇ ಬೋರ್ಡ್ ಹಾಕಿದ್ರೂ ರಾಜ್ಯದ ಆರೋಗ್ಯ ನಿಯಮದಲ್ಲಿ ಸದಸ್ಯರು ಸೇರಿ ನಡೆಸೋ ಬೀಚು "ಸೆಮಿ-ಪಬ್ಲಿಕ್", ಸೀಸನ್‌ನಲ್ಲಿ ನೀರು ಟೆಸ್ಟ್ ಆಗಲೇಬೇಕು, ನಮ್ಮಲ್ಲಿ ವಾರಕ್ಕೊಂದು ಸಲ ಸ್ಯಾಂಪಲ್ ತೆಗೀತಾರೆ. 100 ಮಿಲಿ ನೀರಲ್ಲಿ ಎಂಟರೊಕಾಕೈ ಬ್ಯಾಕ್ಟೀರಿಯಾ 104 ದಾಟಿದ್ರೆ ಈಜೋ ಹಾಗಿಲ್ಲ ಅಂತ ಬೋರ್ಡ್ ಹಾಕ್ಬೇಕು. ಒಂಬತ್ತು ಬೇಸಿಗೆಯಲ್ಲಿ ನಮ್ಮಲ್ಲಿ ನಾಲ್ಕು ಸಲ ಹಾಕಿದಾರೆ, ನಾಲ್ಕೂ ಸಲ ಜೋರು ಮಳೆ ಆದ್ಮೇಲೆ. ಚಿಕ್ಕ ಮಕ್ಕಳಿರೋವ್ರಿಗೆ ಇದು ದೊಡ್ಡ ಸಮಾಧಾನ.

ಹಕ್ಕಿ ವಿಷಯ ಗೊತ್ತಿಲ್ಲದೆ ಬಂದು ಆಮೇಲೆ ಬೈಯೋವ್ರು ತುಂಬಾ ಜನ. ಪೈಪಿಂಗ್ ಪ್ಲವರ್ ಅಂತ ಒಣ ಮರಳಿನ ಬಣ್ಣದ ಪುಟ್ಟ ಹಕ್ಕಿ, ಅಟ್ಲಾಂಟಿಕ್ ಕರಾವಳಿಯಲ್ಲಿ 1986ರಿಂದ ಅಮೆರಿಕದ ಕೇಂದ್ರ ಕಾನೂನಿನ ರಕ್ಷಣೆ ಇದೆ. ಮಾರ್ಚ್ ಕೊನೆಗೆ ಬರತ್ತೆ, ಬರೀ ಮರಳ ಮೇಲೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡತ್ತೆ, ಕಾವು ಸುಮಾರು ನಾಲ್ಕು ವಾರ. ಗೂಡು ಸಿಕ್ಕಿದ್ರೆ ಸುತ್ತ ಕಂಬ ನೆಟ್ಟು ದಾರ ಕಟ್ತಾರೆ, 2022ರಲ್ಲಿ ನಮ್ಮ ಬೀಚಿನ ಅರ್ಧ ಭಾಗ ಜೂನ್ ಪೂರ್ತಿ ದಾರದೊಳಗಿತ್ತು. ಮರಿ ಹೊರಗೆ ಬಂದ ದಿನವೇ ಓಡಾಡಿ ತಾನೇ ಹುಳ ಹುಡುಕ್ಕೊಂಡು ತಿನ್ನತ್ತೆ, ಆ ಹುಳ ಇರೋದು ದಡಕ್ಕೆ ಬಂದು ಬಿದ್ದ ಕಡಲಪಾಚಿ ರಾಶಿಯಲ್ಲಿ. ಪಾಚಿ ನಾರತ್ತೆ, ಗೋರಿ ತೆಗೆಸಿ ಅಂತ ಪ್ರತಿ ವರ್ಷ ಮೀಟಿಂಗಲ್ಲಿ ಗಲಾಟೆ, ನಾನೂ ಮೊದಲ ವರ್ಷ ಕೈ ಎತ್ತಿದ್ದೆ, ಈಗ ಎತ್ತಲ್ಲ. ಒಂದು ಬೆಳಿಗ್ಗೆ ಮಗಳು ಒದ್ದೆ ಮರಳಲ್ಲಿ ಕೂತು ಮರಿಯ ಕಾಲಿನ ಗುರುತು ತೋರಿಸಿದ್ಲು, ಅಮ್ಮ ಬೆರಳಲ್ಲಿ ರಂಗೋಲಿ ಎಳೆ ಬಿಟ್ಟ ಹಾಗೆ ಮೂರು ಮೂರು ಗೆರೆ, ಪಾಚಿಯಿಂದ ನೀರಿನವರೆಗೂ ಹೋಗಿ ವಾಪಸ್ ಬಂದಿತ್ತು.

ದುಡ್ಡಿನ ಲೆಕ್ಕ: 2017ರಲ್ಲಿ ವರ್ಷಕ್ಕೆ 350 ಡಾಲರ್ ಇತ್ತು, ಈಗ 720. ಹೆಚ್ಚಿದ್ದು ಬಹುತೇಕ ಇನ್ಶೂರೆನ್ಸ್ ಮತ್ತೆ ರಿಸರ್ವ್ ಫಂಡಿಗೆ, ಅದರ ಬಗ್ಗೆ ನನಗೆ ಬೇಜಾರಿಲ್ಲ. ಬೇಜಾರಿರೋದು 64ರಲ್ಲಿ 9 ಮನೆ ಫೀಸೇ ಕಟ್ಟಲ್ಲ ಅನ್ನೋದಕ್ಕೆ. ಕಾಂಡೊ (ಫ್ಲ್ಯಾಟ್ ಥರದ ಮನೆ) ಆಗಿದ್ರೆ ಇಲ್ಲಿ 183ಎ ಅಂತ ಕಾಯ್ದೆ ಇದೆ, ವಸೂಲಿಗೆ ದಾರಿ ಇದೆ, ನಮ್ಮ ಥರ ಬಿಡಿ ಮನೆಗಳ ಅಸೋಸಿಯೇಷನ್‌ಗೆ ಅಂಥ ಕಾಯ್ದೆ ಇಲ್ಲ, ಎಲ್ಲಾ ನಿಂತಿರೋದು ಅವರವರ ಡೀಡಲ್ಲಿ ಏನು ಬರೆದಿದೆ ಅನ್ನೋದ್ರ ಮೇಲೆ. ಆ ಒಂಬತ್ತು ಹಳೇ ಡೀಡಲ್ಲಿ ಬೀಚ್ ಹಕ್ಕು ಇದೆ, ಖರ್ಚು ಹಂಚ್ಕೋಬೇಕು ಅನ್ನೋ ಸಾಲಿಲ್ಲ. ಹಾಗಾಗಿ ಅವರೂ ಅದೇ ಮೆಟ್ಟಿಲು ಇಳೀತಾರೆ, ದುಡ್ಡು ನಾವು ಕಟ್ತೀವಿ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೇ.

ತಗೋಬೇಕು ಅಂತಿರೋವ್ರು ಬಾರ್ನ್‌ಸ್ಟೇಬಲ್ ಕೌಂಟಿ ರಿಜಿಸ್ಟ್ರಿ ಆಫ್ ಡೀಡ್ಸ್‌ನ ದಾಖಲೆ ಆನ್‌ಲೈನೇ ಸಿಗತ್ತೆ, ಕೂತು ನೋಡಿ. ಬೀಚ್ ಜಾಗ ಅಸೋಸಿಯೇಷನ್ ಹೆಸರಲ್ಲೇ ಇದ್ಯಾ, ಇಲ್ಲ ಬೇರೆಯವರ ಜಾಗದ ಮೇಲೆ ನಿಮಗೆ ಬರೀ ಓಡಾಡೋ ಹಕ್ಕಾ, ಇವೆರಡೂ ಒಂದೇ ಅಲ್ಲ, ಲಿಸ್ಟಿಂಗಲ್ಲಿ ಎರಡಕ್ಕೂ ಒಂದೇ ಪದ ಹಾಕ್ತಾರೆ. ರಿಸರ್ವ್ ಎಷ್ಟಿದೆ ಅಂತ ಬರವಣಿಗೆಯಲ್ಲಿ ಕೇಳಿ, ಕಳೆದ ಮೂರು ವರ್ಷದ ಮೀಟಿಂಗ್ ಮಿನಿಟ್ಸ್ ಕೇಳಿ. ಮನೆ ನೋಡೋಕೆ ಆಗಸ್ಟ್‌ನಲ್ಲಿ ಹೋಗ್ಬೇಡಿ, ಫೆಬ್ರವರಿಯಲ್ಲಿ ಹೋಗಿ, ದಿಬ್ಬದ ಬುಡ ಎಷ್ಟು ಉಳಿದಿದೆ, ಏಣಿ ಮೇಲೆ ಎತ್ತಿಟ್ಟಿದಾರಾ ಅಂತ ಕಣ್ಣಾರೆ ನೋಡಿ. ಎತ್ತಿಟ್ಟಿದ್ರೆ ಆ ಊರಲ್ಲಿ ಎಂಟು ಜನ ಇದಾರೆ ಅಂತ ಅರ್ಥ, ಅವರ ಹೆಸರು ಕೇಳ್ಕೊಂಡು ಬನ್ನಿ.