ಕ್ವಾಂಟಿಫೆರಾನ್ ಪ್ಲಸ್: ನಾಲ್ಕು ಟ್ಯೂಬ್‌ಗಳ ಟಿಬಿ ಟೆಸ್ಟ್ ಹೇಗಿದೆ?

ಲ್ಯಾಬ್‌ನಲ್ಲಿ ಈ ಟೆಸ್ಟ್ ಮಾಡುವುದು ನನ್ನ ಕೆಲಸ. ಲೇಟೆಂಟ್ ಟಿಬಿ, ಅಂದರೆ ರೋಗಾಣು ಒಳಗೆ ಅಡಗಿದ್ದರೂ ಕಾಯಿಲೆ ಇಲ್ಲದ ಸ್ಥಿತಿ, ಅದನ್ನು ಹುಡುಕಲು ಇದು ನನಗೆ ತುಂಬಾ ಇಷ್ಟವಾದ ಟೆಸ್ಟ್. ಆದರೆ ಕಾಯಿಲೆ ಶುರುವಾಗಿದೆಯಾ ಎಂದು ಕೇಳಿದರೆ ಇದರಲ್ಲಿ ಉತ್ತರವಿಲ್ಲ.

ಒಂದೊಂದು ಟ್ಯೂಬ್‌ಗೂ 1 ಮಿ.ಲೀ. ರಕ್ತ ಬೇಕು. ನಿಲ್ ಟ್ಯೂಬ್‌ನಲ್ಲಿ ಟಿಬಿ ಪ್ರೋಟೀನ್ ಇರುವುದಿಲ್ಲ. ಟಿಬಿ1, ಟಿಬಿ2 ಟ್ಯೂಬ್‌ಗಳ ಒಳಗೋಡೆಗೆ ರೋಗಾಣುವಿನ ಪ್ರೋಟೀನ್ ತುಣುಕುಗಳನ್ನು ಲೇಪಿಸಿರುತ್ತಾರೆ. ಅದಕ್ಕೇ ಟ್ಯೂಬನ್ನು ಹತ್ತು ಸಲ ಅಲ್ಲಾಡಿಸಬೇಕು. ಜಾಸ್ತಿ ಜೋರಾಗಿ ಕುಲುಕಿದರೆ ಒಳಗಿನ ಜೆಲ್ ಒಡೆದು ಅಳತೆ ಕೆಡಬಹುದು. ಆಮೇಲೆ 37 ಡಿಗ್ರಿಯಲ್ಲಿ 16ರಿಂದ 24 ಗಂಟೆ ಇಡುತ್ತೇವೆ. ಮೊದಲೇ ಟಿಬಿ ಕಂಡಿರುವ ಟಿ ಸೆಲ್‌ಗಳು (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಆಗ ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಪ್ರೋಟೀನ್ ಬಿಡುತ್ತವೆ. ನಾವು ಅಳೆಯುವುದು ಅದನ್ನೇ.

ನನಗೆ ಹೆಚ್ಚು ಮೆಚ್ಚುಗೆ ನಾಲ್ಕನೆಯ ಟ್ಯೂಬ್ ಮೇಲೆ. ಅದರಲ್ಲಿರುವ ಮೈಟೋಜೆನ್‌ಗೆ, ಅಂದರೆ ಟಿ ಸೆಲ್‌ಗಳನ್ನು ಕೆರಳಿಸುವ ವಸ್ತುವಿಗೆ, ಆರೋಗ್ಯವಂತರ ಟಿ ಸೆಲ್‌ಗಳು ಸ್ಪಂದಿಸಲೇಬೇಕು. ಅಲ್ಲೂ ಸ್ಪಂದನೆ ಇಲ್ಲದಿದ್ದರೆ ರೋಗನಿರೋಧಕ ಶಕ್ತಿಯೇ ಕುಂದಿರಬಹುದು. ಹಾಗಾಗಿ ಸುಮ್ನೆ ನೆಗೆಟಿವ್ ಎಂದು ಬರೆಯುವುದಿಲ್ಲ, ನಿರ್ಧರಿಸಲಾಗದು ಎಂದು ಕೊಡುತ್ತೇವೆ. ಚರ್ಮಕ್ಕೆ ಚುಚ್ಚುವ ಮಾಂಟೂ ಟೆಸ್ಟ್‌ನಲ್ಲಿ ಈ ಅನುಕೂಲ ಇಲ್ಲ. ಬಿಸಿಜಿ ಲಸಿಕೆ ಹಾಕಿಸಿಕೊಂಡವರಿಗೆ ಅಲ್ಲಿ ಸುಳ್ಳು ಪಾಸಿಟಿವ್ ಬರಬಹುದು. ಇಲ್ಲಿ ಆ ಗೊಂದಲವಿಲ್ಲ, ಯಾಕೆಂದರೆ ಈ ಪ್ರೋಟೀನ್‌ಗಳು ಬಿಸಿಜಿಯಲ್ಲಿ ಇಲ್ಲ.

ಇನ್ನು ಮುಖ್ಯವಾದ ಕೊರತೆ. ಲೇಟೆಂಟ್ ಟಿಬಿಯಲ್ಲಿ ರೋಗಾಣು ನುಂಗುವ ಮ್ಯಾಕ್ರೋಫೇಜ್ ಸೆಲ್‌ಗಳು ಮತ್ತು ಟಿ ಸೆಲ್‌ಗಳು ರೋಗಾಣುವನ್ನು ಸುತ್ತುವರಿದು ಗ್ರಾನುಲೋಮಾ ಎಂಬ ಗಂಟಿನೊಳಗೆ ಹಿಡಿದಿಡುತ್ತವೆ. ಆ್ಯಕ್ಟಿವ್ ಟಿಬಿಯಲ್ಲಿ, ಅಂದರೆ ಕಾಯಿಲೆ ಶುರುವಾದಾಗ, ಆ ಹಿಡಿತ ತಪ್ಪುತ್ತದೆ. ರೋಗಾಣು ಬೆಳೆಯುತ್ತದೆ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಮುತ್ತುತ್ತವೆ, ರಕ್ತದಲ್ಲಿ ಬೇರೆ ಬಗೆಯ ಇಂಟರ್‌ಫೆರಾನ್‌ನ ಗುರುತು ಏರುತ್ತದೆ. ದೇಹದೊಳಗೆ ಇಷ್ಟು ವ್ಯತ್ಯಾಸ ಇದೆ. ಆದರೂ ಎರಡೂ ಕಡೆ ಟಿ ಸೆಲ್‌ಗಳು ಇಂಟರ್‌ಫೆರಾನ್ ಗಾಮಾ ಬಿಡುತ್ತವೆ, ನಮ್ಮ ಯಂತ್ರಕ್ಕೆ ಎರಡೂ ಪಾಸಿಟಿವ್. ಟಿಬಿ2 ಟ್ಯೂಬ್ ಸಿಡಿ8 ಎಂಬ ಬಗೆಯ ಟಿ ಸೆಲ್‌ಗಳನ್ನೂ ಕೆರಳಿಸುತ್ತದೆ. ಆ ಸ್ಪಂದನೆ ಆ್ಯಕ್ಟಿವ್ ಟಿಬಿಯಲ್ಲಿ ಹೆಚ್ಚು ಕಾಣಿಸುತ್ತದೆ ನಿಜ, ಆದರೆ ಒಬ್ಬ ರೋಗಿಯ ವಿಷಯದಲ್ಲಿ ತೀರ್ಮಾನ ಹೇಳುವಷ್ಟು ಅಲ್ಲ.

ಕಾಯಿಲೆ ಇರುವ ಕೆಲವರಲ್ಲಿ ನೆಗೆಟಿವ್ ಕೂಡ ಬರುತ್ತದೆ. ವಾರಗಟ್ಟಲೆ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇರುವವರು ಆ ರಿಪೋರ್ಟ್ ನೋಡಿ ನಿರಾಳವಾಗಿ ಹೊರಟರೆ ನನಗೆ ಸಂಕಟವಾಗುತ್ತದೆ. ಅವರಿಗೆ ಕಫ ಪರೀಕ್ಷೆ, ಎಕ್ಸ್-ರೇ ಆಗಲೇಬೇಕು. ಪಾಸಿಟಿವ್ ಬಂದವರಿಗೂ ಮೊದಲು ಕಾಯಿಲೆ ಇಲ್ಲವೆಂದು ಖಚಿತವಾಗಬೇಕು. ಇಲ್ಲದಿದ್ದರೆ, ತಡೆಗೆಂದು ಕೊಡುವ ಐಸೋನಿಯಾಜಿಡ್ ಒಂದನ್ನೇ ನುಂಗಿ, ಆ ಔಷಧಿಗೆ ಬಗ್ಗದ ಟಿಬಿ ಬೆಳೆಯುವ ಅಪಾಯವಿದೆ.

ಮನೆಯಲ್ಲಿ ಟಿಬಿ ರೋಗಿ ಇದ್ದವರು, ಸಂಧಿವಾತಕ್ಕೆ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನ್ ತಡೆಯುವ ಇಂಜೆಕ್ಷನ್ ಶುರು ಮಾಡುವವರು ಈ ಟೆಸ್ಟ್ ಬಗ್ಗೆ ಡಾಕ್ಟರನ್ನು ಕೇಳಿ. ಚಿಕಿತ್ಸೆ ಮುಗಿದ ಮೇಲೆ ಗುಣವಾಯಿತಾ ಎಂದು ನೋಡಲು ಬೇಡ, ಪಾಸಿಟಿವ್ ಹಾಗೇ ಉಳಿಯಬಹುದು. ರಿಪೋರ್ಟ್‌ನಲ್ಲಿ ನಾಲ್ಕೂ ಟ್ಯೂಬ್‌ಗಳ ಅಂಕಿ ಕೇಳಿ ಪಡೆಯಿರಿ. ಟಿಬಿ1 ಅಥವಾ ಟಿಬಿ2 ಅಂಕಿಯಿಂದ ನಿಲ್ ಅಂಕಿ ಕಳೆದರೆ ಸಿಗುವುದಕ್ಕೆ ಪಾಸಿಟಿವ್ ಗಡಿ 0.35 IU/ml. ಅದರ ಆಸುಪಾಸಿನಲ್ಲಿ ಬಂದ ಅಂಕಿ ಮತ್ತೊಮ್ಮೆ ಮಾಡಿಸಿದಾಗ ಗಡಿಯ ಆಚೀಚೆ ಹೋಗುವುದುಂಟು.