ಮಳೆಗಾಲಕ್ಕೆ ಹೇಳಿ ಮಾಡಿಸಿದ ಲೈಬ್ರರಿ: ಶೋಧಗಂಗಾ ಮತ್ತು ಅದರ ನೆರೆಹೊರೆ

ಶೋಧಗಂಗಾ ಅಂದರೇನು ಅಂತ ವಿವರಿಸಲು ಹೋಗುವುದಿಲ್ಲ. ನಮ್ಮ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಆ ಜಾಲತಾಣದಲ್ಲಿವೆ, ಓದುವುದು ಪುಕ್ಕಟೆ, ನಡೆಸುವುದು ಗುಜರಾತಿನ ಗಾಂಧಿನಗರದಲ್ಲಿರುವ ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ. ಇಷ್ಟು ಸಾಕು. ನಾನು ಬರೆಯಲು ಕೂತ ಕಾರಣ ಬೇರೆ. ಅದನ್ನು ಬಳಸುವವರೆಲ್ಲ ಗೊಣಗುವ ಒಂದು ಸಂಗತಿಯೇ ನನಗೆ ಅದರ ದೊಡ್ಡ ಗುಣವಾಗಿ ಕಂಡಿದೆ.

ಅಲ್ಲಿ ಪ್ರಬಂಧ ಒಂದೇ ಫೈಲಾಗಿ ಸಿಗುವುದಿಲ್ಲ. ಶೀರ್ಷಿಕೆ ಪುಟಕ್ಕೆ ಒಂದು ಪಿಡಿಎಫ್, ಪ್ರಮಾಣಪತ್ರಕ್ಕೆ ಇನ್ನೊಂದು, ಪರಿವಿಡಿಗೆ ಮತ್ತೊಂದು, ಆಮೇಲೆ ಅಧ್ಯಾಯಕ್ಕೊಂದು. ಬೆಂಗಳೂರಿನಲ್ಲಿ ಫೈಬರ್ ಹಾಕಿಸಿಕೊಂಡವರಿಗೆ ಇದು ಕಿರಿಕಿರಿ, ಒಪ್ಪಿದೆ. ಆದರೆ ನಾನಿರುವುದು ಕೊಡಗಿನ ಸೋಮವಾರಪೇಟೆ ಕಡೆ. ಜೂನ್ ಬಂದರೆ ಆಗಸ್ಟ್ ಮುಗಿಯುವವರೆಗೆ ಇಲ್ಲಿ ಕರೆಂಟ್ ಬಂದಾಗ ಬಂತು, ಅಷ್ಟೆ. ಎಲ್ಲೋ ಮರ ಬಿದ್ದು ಲೈನ್ ಹೋಗುತ್ತದೆ. ಟವರಿನ ಬ್ಯಾಟರಿ ಸ್ವಲ್ಪ ಹೊತ್ತು ಎಳೆಯುತ್ತದೆ. ಆಮೇಲೆ ಸಿಗ್ನಲ್ಲೂ ಇಲ್ಲ. ದೊಡ್ಡ ಫೈಲೊಂದು ಮುಕ್ಕಾಲು ಇಳಿದು ನಿಂತುಹೋದಾಗ ಆಗುವ ಸಂಕಟ ನಮ್ಮ ಕಡೆಯವರಿಗೇ ಗೊತ್ತು. ತುಂಡು ತುಂಡಾಗಿದ್ದರೆ ಆ ಚಿಂತೆ ಇಲ್ಲ. ಮೂರನೇ ಅಧ್ಯಾಯ ಬಂತಾ? ಬಂತು. ಅಷ್ಟು ನಮ್ಮದು.

ನಾನು ಖಾಸಗಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕ. ಸಂಬಳದ ಬಗ್ಗೆ ಕೇಳಬೇಡಿ. ಹುಡುಗರ ಪ್ರಾಜೆಕ್ಟ್‌ಗಳಿಗೆ ಸಾಮಗ್ರಿ ಹುಡುಕಿಕೊಡುವುದು ನನ್ನ ಪಾಲಿನ ಕೆಲಸ. ವಿಷಯಗಳೋ, ನಮ್ಮ ಕಿಟಕಿಯಾಚೆ ಇರುವಂಥವೇ. ಅಸ್ಸಾಂ ಕಡೆಯಿಂದ ಕಾಫಿ ತೋಟಕ್ಕೆ ಬರುವ ಕುಟುಂಬಗಳು, ಲೈನ್ ಮನೆಯ (ತೋಟದ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಮನೆ) ಬದುಕು, 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತ ಮೇಲೆ ಏನಾಯಿತು, 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆ ಕಳೆದುಕೊಂಡವರು, ಹೋಂಸ್ಟೇ, ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ದೊಡ್ಡ ಮನೆಯಲ್ಲಿ ಉಳಿದ ಅಪ್ಪ ಅಮ್ಮ.

ಬೆಳಿಗ್ಗೆ ಐದರ ಹೊತ್ತಿಗೆ ಸಿಗ್ನಲ್ ಚೆನ್ನಾಗಿರುತ್ತದೆ. ಊರು ಇನ್ನೂ ರೀಲ್ಸ್ ನೋಡಲು ಎದ್ದಿರುವುದಿಲ್ಲ ಅಲ್ವಾ. ಬೆಲ್ಲ ಹಾಕಿದ ಕರಿಕಾಫಿ ಇಟ್ಟುಕೊಂಡು ಕೂರುತ್ತೇನೆ. ಇಳಿಸುವುದಕ್ಕೆ ಒಂದು ಕ್ರಮ ಇದೆ. ಮೊದಲು ಗ್ರಂಥಸೂಚಿ. ಪ್ರಬಂಧ ಕೆಟ್ಟದಾಗಿದ್ದರೂ ಅದೊಂದು ಕೆಲಸಕ್ಕೆ ಬರುತ್ತದೆ. ಯಾರೋ ನಾಲ್ಕೈದು ವರ್ಷ ಲೈಬ್ರರಿ ಸುತ್ತಿ ಕೂಡಿಹಾಕಿದ ಪಟ್ಟಿ ಸುಮ್ನೆ ಕೈಗೆ ಸಿಗುತ್ತದೆ.

ಎರಡನೆಯದು ಅನುಬಂಧ. ಅದರಲ್ಲಿ ಪ್ರಶ್ನಾವಳಿ ಇರುತ್ತದೆ. ನನ್ನ ವಿದ್ಯಾರ್ಥಿಗಳಿಗೆ ನಾನು ಜಾಸ್ತಿ ತೋರಿಸುವುದು ಇದನ್ನೇ. ಒಳ್ಳೆಯ ಪ್ರಶ್ನೆ ಯಾವುದು, ಕೆಟ್ಟ ಪ್ರಶ್ನೆ ಯಾವುದು ಅಂತ ಪಾಠದಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಪ್ರಶ್ನಾವಳಿ ಮುಂದೆ ಇಟ್ಟರೆ ತಾನೇ ಹೋಗುತ್ತದೆ. 'ನಿಮ್ಮ ತಿಂಗಳ ಆದಾಯ ಎಷ್ಟು' ಅಂತ ತೋಟದ ಕಾರ್ಮಿಕರನ್ನು ಕೇಳಿದ ಪ್ರಶ್ನಾವಳಿಗಳು ಬೇಕಾದಷ್ಟಿವೆ. ಅವರಿಗೆ ಬಟವಾಡೆ ಆಗುವುದು ವಾರಕ್ಕೊಮ್ಮೆ, ಸಂತೆಗೆ ಮೊದಲು. ಮಳೆ ಜೋರಾದ ವಾರ ಕೆಲಸ ಕಡಿಮೆ, ಹಣ್ಣು ಕೊಯ್ಯುವ ಕಾಲದಲ್ಲಿ ಕೆಜಿ ಲೆಕ್ಕ. ತಿಂಗಳ ಆದಾಯ ಅಂದರೆ ಅವರು ಏನಾದರೂ ಒಂದು ಅಂಕಿ ಹೇಳಿ ನಿಮ್ಮನ್ನು ಕಳಿಸುತ್ತಾರೆ. ಆ ಅಂಕಿ ಮೇಲೆ ಶೇಕಡಾವಾರು, ಅದರ ಮೇಲೆ ಪೈ ಚಾರ್ಟ್!

ಮೂರನೆಯದು ಕೃತಜ್ಞತೆ ಪುಟ. ಇದು ನನ್ನ ಚಟ. ಗೈಡ್, ಗೈಡ್ ಮನೆಯವರು, ಲೈಬ್ರರಿಯನ್, ಟೈಪ್ ಮಾಡಿಕೊಟ್ಟ ಹುಡುಗ, ಎಲ್ಲರೂ ಇರುತ್ತಾರೆ. ತೋಟ ಕಾರ್ಮಿಕರ ಬಗ್ಗೆ ಬರೆದ ಪ್ರಬಂಧವಾದರೆ ನಾನು ಹುಡುಕುವುದು ಲೆಕ್ಕ ಬರೆಯುವ ತೋಟದ ರೈಟರನ್ನ, ಮೇಸ್ತ್ರಿಯನ್ನ. ಅವರಿಗೊಂದು ಸಾಲು ಇದ್ದರೆ ಬರೆದವರು ಲೈನ್ ಮನೆ ಒಳಗೆ ಹೋಗಿ ಕೂತಿರುವ ಸಾಧ್ಯತೆ ಇದೆ. ಮೇಸ್ತ್ರಿ ಕಣ್ಣು ತಪ್ಪಿಸಿ ಲೈನ್‌ಗೆ ಕಾಲಿಡುವುದು ನಮ್ಮ ಕಡೆ ಸುಲಭವಲ್ಲ. ಬರೀ ಮಾಲೀಕರಿಗೆ ಮಾತ್ರ ಧನ್ಯವಾದ ಇದ್ದರೆ ಒಳಗಿನ ಕೂಲಿ ಲೆಕ್ಕವನ್ನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ.

ಇಷ್ಟಾದ ಮೇಲೆ ಅಧ್ಯಾಯಗಳು. ಜಿಲ್ಲೆಯ ಪರಿಚಯ ಅಂತ ಒಂದು ಇರುತ್ತದೆ, ಅದನ್ನು ಬಿಟ್ಟುಬಿಡಿ. ತಲಕಾವೇರಿಯಿಂದ ಶುರುವಾಗಿ ಸರಾಸರಿ ಮಳೆಗೆ ಮುಗಿಯುತ್ತದೆ.

ಈಗ ನೆರೆಹೊರೆ, ಅಂದರೆ ಶೋಧಗಂಗಾ ಜೊತೆಗೆ ನಾನು ಬಳಸುವ ಬೇರೆ ಮೂಲಗಳು. ಸಂಶೋಧನಾ ಬರಹಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ನನ್ನ ಒಂದೇ ಒಂದು ಉಪಾಯ ಹೇಳುತ್ತೇನೆ. ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಎಂ. ಎನ್. ಶ್ರೀನಿವಾಸರ ಅಧ್ಯಯನ 1952ರಲ್ಲಿ ಪುಸ್ತಕವಾಗಿ ಬಂತು. ಸಂಸ್ಕೃತೀಕರಣ, ಅಂದರೆ ಕೆಳಗಿನ ಜಾತಿಯವರು ಮೇಲಿನವರ ಆಚಾರ ಅನುಸರಿಸುವುದು, ಅನ್ನುವ ಮಾತು ಊರೂರು ಸುತ್ತಿದ್ದು ಅಲ್ಲಿಂದ. ಅದನ್ನು ಹುಡುಕಿ, ಕೆಳಗಿರುವ 'ಸೈಟೆಡ್ ಬೈ' ಒತ್ತಿ. ಅದನ್ನು ಉಲ್ಲೇಖಿಸಿದವರ ಸಾಲೇ ಬರುತ್ತದೆ. ಆ ಸಾಲಿನೊಳಗೆ ಮಾತ್ರ ಹುಡುಕುವ ಆಯ್ಕೆಯೂ ಇದೆ. ಅಲ್ಲಿ ಕಾಫಿ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂ ಹಿಡುವಳಿ), ಕಾರ್ಮಿಕರು ಅಂತ ಒಂದೊಂದೇ ಪದ ಹಾಕುತ್ತಾ ಹೋದರೆ ಹಳೆಯ ಪುಸ್ತಕದಿಂದ ಈಗಿನ ಜಗಳಗಳವರೆಗೆ ದಾರಿ ಸಿಗುತ್ತದೆ.

ಜನಗಣತಿಯದು ಸಿಹಿಕಹಿ. 2011ರ ಜಿಲ್ಲಾ ಕೈಪಿಡಿಯಲ್ಲಿ ನಮ್ಮ ಒಂದೊಂದು ಹಳ್ಳಿಗೂ ಒಂದು ಸಾಲು ಇದೆ. ಶಾಲೆ ಇದೆಯಾ, ಆಸ್ಪತ್ರೆ ಎಷ್ಟು ದೂರ, ಬಸ್ ಬರುತ್ತದಾ. ತಮ್ಮ ಊರಿನ ಸಾಲು ಕಂಡಾಗ ವಿದ್ಯಾರ್ಥಿಗಳ ಮುಖ ನೋಡಬೇಕು. ಆಗ ಜಿಲ್ಲೆಯಲ್ಲಿ 5,54,519 ಜನ, ಸಾವಿರ ಗಂಡಸರಿಗೆ 1,019 ಹೆಂಗಸರು. ಆದರೆ ಆಗ ತಾಲ್ಲೂಕು ಮೂರೇ. ಈಗ ಕುಶಾಲನಗರ, ಪೊನ್ನಂಪೇಟೆ ಸೇರಿ ಐದು. ಈಗಿನ ತಾಲ್ಲೂಕಿಗೆ ಹಳೆಯ ಅಂಕಿ ಬೇಕಾದರೆ ಹಳ್ಳಿ ಹಳ್ಳಿ ಕೂಡಿಸಿಕೊಳ್ಳಬೇಕು. 2021ರಲ್ಲಿ ಗಣತಿ ನಡೆಯಲಿಲ್ಲ. ಮುಂದಿನದಕ್ಕೆ ನಮ್ಮ ಕಡೆ ಗೊತ್ತು ಮಾಡಿದ ದಿನ 2027ರ ಮಾರ್ಚ್ 1. ತೋಟಗಳ ಮುಖವೇ ಬದಲಾಗಿದೆ, ಅಂಕಿ ಮಾತ್ರ ಅಲ್ಲೇ ನಿಂತಿದೆ.

ಹಿಂದಕ್ಕೆ ಹೋಗುವವರಿಗೆ ಒಂದು ಲಾಭ ಇದೆ. ಕೊಡಗು 1956ರ ನವೆಂಬರ್ 1ರವರೆಗೆ ಪ್ರತ್ಯೇಕವಾಗಿಯೇ ಇತ್ತು, ಬ್ರಿಟಿಷರ ಕಾಲದಲ್ಲಿ ಬೇರೆ ಪ್ರಾಂತ್ಯ, ಆಮೇಲೆ ಬೇರೆ ರಾಜ್ಯ; ಹಾಗಾಗಿ ಬ್ರಿಟಿಷರ ಕಾಲದ ಗಣತಿಯಲ್ಲಿ ನಮಗೆ ಪ್ರತ್ಯೇಕ ಜಾಗ ಸಿಕ್ಕಿದೆ. ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿ ಇಟ್ಟಿರುವ ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಆ ಕಾಲದ ವರದಿಗಳನ್ನು ಹುಡುಕಿ ನೋಡಿ.

ಇಂಗ್ಲಿಷ್ ಕಂಡರೆ ಹೆದರುವ ಹುಡುಗರಿಗೆ ನಾನು ಮೊದಲು ಕೊಡುವುದು ಪರಿ. ಪಿ. ಸಾಯಿನಾಥ್ 2014ರಲ್ಲಿ ಶುರು ಮಾಡಿದ ಗ್ರಾಮೀಣ ಭಾರತದ ಜನತಾ ಪತ್ರಾಗಾರ. ಅದರ ವರದಿಗಳು ಕನ್ನಡದಲ್ಲೂ ಬರುತ್ತವೆ. ವರದಿ ಬೇರೆ, ಸಂಶೋಧನೆ ಬೇರೆ, ನಿಜ. ಆದರೆ ಒಬ್ಬ ಕೂಲಿಯವಳ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಪಾಠ ನನ್ನ ಬಳಿ ಇಲ್ಲ.

ಸಂಶೋಧನಾ ಪತ್ರಿಕೆಗಳ ಆನ್‌ಲೈನ್ ಸಂಗ್ರಹವಾದ ಜೆಸ್ಟೋರ್‌ನಲ್ಲಿ ಉಚಿತ ಖಾತೆ ತೆರೆದರೆ ತಿಂಗಳಿಗೆ 100 ಲೇಖನ ಓದಬಹುದು. ಓದುವುದು ಆನ್‌ಲೈನ್‌ನಲ್ಲೇ. ಹಾಗಾಗಿ ನನಗೆ ಅದು ಬೇಸಿಗೆಯ ಗೆಳೆಯ.

ಇಲ್ಲಿಂದ ಮುಂದೆ ನನ್ನ ಮೂಡ್ ಸ್ವಲ್ಪ ಕೆಡುತ್ತದೆ. 2025ರ ಜನವರಿಯಲ್ಲಿ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಶುರುವಾಯಿತು, ಜರ್ನಲ್‌ಗಳ ಚಂದಾವನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಜರ್ನಲ್. ಒಳ್ಳೆಯದೇ. ಆದರೆ ಅದು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ. ನನ್ನ ಹಾಗೆ ಖಾಸಗಿ ಕಾಲೇಜಿನಲ್ಲಿ ಅತಿಥಿಯಾಗಿ ಇರುವವರು ಬಾಗಿಲ ಹೊರಗೆ. ಒಂದು ಲೇಖನಕ್ಕೆ ನನ್ನ ವಾರದ ತರಕಾರಿ ದುಡ್ಡಿಗಿಂತ ಜಾಸ್ತಿ ಕೇಳುತ್ತಾರೆ. ಈಗ ನಾನು ಮಾಡುವುದು ಇಷ್ಟೆ: ಲೇಖಕರಿಗೇ ಎರಡು ಸಾಲು ಇಮೇಲ್ ಹಾಕುತ್ತೇನೆ. ಎಷ್ಟೋ ಜನ ಪಿಡಿಎಫ್ ಕಳಿಸಿಬಿಡುತ್ತಾರೆ.

ಇನ್ನು ಎಐ. ವಿದ್ಯಾರ್ಥಿನಿಯೊಬ್ಬಳು ಲೈನ್ ಮನೆಗಳ ಬಗ್ಗೆ ಬರೆದದ್ದರಲ್ಲಿ ಒಂದು ಚಂದದ ಉಲ್ಲೇಖ ಇತ್ತು. ಲೇಖಕರ ಹೆಸರು, ವರ್ಷ, ಪುಟ ಎಲ್ಲವೂ. ಹುಡುಕಿದರೆ ಅಂಥ ಲೇಖನವೇ ಇಲ್ಲ. ಯಾವುದೋ ಆ್ಯಪ್ ತಾನೇ ಸೃಷ್ಟಿಸಿಕೊಟ್ಟಿತ್ತು. ಈಗ ನನ್ನ ತರಗತಿಯಲ್ಲಿ ನಿಯಮ ಒಂದೇ. ಉಲ್ಲೇಖದ ಮೊದಲ ಪುಟ ಫೋನಿನಲ್ಲಿ ತೆರೆದು ತೋರಿಸಬೇಕು.

ಇವೆಲ್ಲಕ್ಕಿಂತ ಹೊಟ್ಟೆ ಉರಿಯುವುದು ಕನ್ನಡದ ವಿಷಯಕ್ಕೆ. ಶೋಧಗಂಗಾದಲ್ಲಿ ಕನ್ನಡದಲ್ಲಿ ಬರೆದ ಪ್ರಬಂಧಗಳು ಇವೆ, ಒಳ್ಳೆಯವೂ ಇವೆ. ಆದರೆ ಹಳೆಯವು ಬರೀ ಸ್ಕ್ಯಾನ್ ಚಿತ್ರ. ಆಮೇಲಿನ ಎಷ್ಟೋ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪ್ ಆದವು. ಕಣ್ಣಿಗೆ ಕನ್ನಡ, ಕಾಪಿ ಮಾಡಿದರೆ ಅರ್ಥವಿಲ್ಲದ ರೋಮನ್ ಅಕ್ಷರ. ಒಳಗೆ 'ಕಾರ್ಮಿಕ' ಅಂತ ಪುಟಕ್ಕೆ ಹತ್ತು ಸಲ ಇದ್ದರೂ ಹುಡುಕಾಟಕ್ಕೆ ಸಿಗುವುದಿಲ್ಲ. ನಮ್ಮೂರಿನ ಬಗ್ಗೆ ನಮ್ಮ ಭಾಷೆಯಲ್ಲಿ ಬರೆದದ್ದೇ ನಮಗೆ ಕಾಣದ ಹಾಗಾಯಿತು, ಇದೆಂಥ ಕರ್ಮ.

ಪೂರ್ತಿ ಪರಿಹಾರ ಇಲ್ಲ, ಸ್ವಲ್ಪ ಇದೆ. ಕನ್ನಡ ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲೂ ಬರೆದು ಹುಡುಕಿ. ಬೇರೆ ಬೇರೆ ಸ್ಪೆಲ್ಲಿಂಗ್ ಹಾಕಿ ನೋಡಿ. ಅದೂ ಆಗದಿದ್ದರೆ ವಿಶ್ವವಿದ್ಯಾಲಯ, ಆಮೇಲೆ ಕನ್ನಡ ಅಥವಾ ಸಮಾಜಶಾಸ್ತ್ರ ವಿಭಾಗ ತೆರೆದು ಪಟ್ಟಿಯನ್ನು ಮೇಲಿಂದ ಕೆಳಗೆ ಕಣ್ಣಲ್ಲೇ ಓದಿ. ಮಂಗಳೂರು, ಮೈಸೂರು, ಹಂಪಿ, ಈ ಮೂರು ನೋಡಿದರೆ ಕೊಡಗಿಗೆ ಸಂಬಂಧಪಟ್ಟದ್ದು ಸಾಕಷ್ಟು ಸಿಗುತ್ತದೆ. ಈ ಕೆಲಸ ಮೇ ತಿಂಗಳೊಳಗೆ ಮುಗಿಸಿ. ಇಳಿಸಿದ ಕೂಡಲೇ ಫೈಲಿನ ಹೆಸರು ಬದಲಿಸಿ, ಯಾಕೆಂದರೆ ಎಲ್ಲ ಪ್ರಬಂಧಗಳ ಮೊದಲ ಅಧ್ಯಾಯವೂ ಹೆಚ್ಚುಕಡಿಮೆ 'ಚಾಪ್ಟರ್ 1' ಅಂತಲೇ ಬಂದು ಕೂರುತ್ತದೆ.